ಎಟಿಎಂ ಬಾಗಿಲಿಗೆ ಗಾರ್ಡ್ ಬೇಕಾ, ಬೇರೆ ಏನಾದರೂ ಬೇಕಾ? ಬ್ಯಾಂಕಿಗೆ ಕೊಡುವ ಅರ್ಜಿಗೆ ಸಲಹೆ ಕೊಡಿ

ಗಿರಿನಗರ ಸೋಮು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮುಖ್ಯ ರಸ್ತೆಯಲ್ಲಿ ಒಂದು ಎಟಿಎಂ ಇದೆ. ಮೊದಲು ಗಾರ್ಡ್ ಇದ್ದರು, ಈಗಿಲ್ಲ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಟ್ಯೂಬ್‌ಲೈಟ್ ಮಿಣಮಿಣ ಅನ್ನುತ್ತಿರುತ್ತದೆ. ಮೂಲೆಯ ಕ್ಯಾಮೆರಾದ ಮೇಲೆ ಜೇಡ ಸಂಸಾರ ಹೂಡಿದೆ. ತಿಂಗಳ ಮೊದಲ ವಾರ ಬಂತೆಂದರೆ ಪಿಂಚಣಿ ತೆಗೆಯಲು ಹಿರಿಯರ ಸಾಲು. ಅವರ ಹಿಂದೆ ‘ನಾನು ಮಾಡಿಕೊಡ್ತೀನಿ ಅಂಕಲ್’ ಅಂತ ಬರುವ ಅಪರಿಚಿತರು ಬೇರೆ.

ನಿವಾಸಿಗಳ ಸಂಘದಿಂದ ಬ್ಯಾಂಕಿಗೆ ಅರ್ಜಿ ಕೊಡೋಣ ಅಂತ ಮೀಟಿಂಗ್ ಆಯ್ತು. ಅರ್ಧ ಜನ ಗಾರ್ಡ್ ಹಾಕಿಸಿ ಅಂದರು. ಇನ್ನರ್ಧ ಜನ ಎಟಿಎಂ ಮುಚ್ಚಿಸಿಬಿಡಿ ಅಂದರು. ಎರಡೂ ನನಗೆ ಸರಿ ಅನ್ನಿಸಲಿಲ್ಲ. ‘ನಾವು ಹುಷಾರಾಗಿರಬೇಕು’ ಅನ್ನುವ ಉಪದೇಶ ಬೇಡ, ಅದು ಎಲ್ಲರಿಗೂ ಗೊತ್ತು. ಬ್ಯಾಂಕನ್ನು ಏನು ಕೇಳಿದರೆ ನಿಜವಾಗಿ ಉಪಯೋಗ ಆಗುತ್ತದೆ ಅಂತ ಹೇಳಿ.

ಚಿಕ್ಕಪೇಟೆ ಚಂದ್ರು

ಗಾರ್ಡ್ ಬೇಕೇ ಬೇಕು. 2013ರ ನವೆಂಬರ್ 19 ಮರೆತುಹೋಯ್ತಾ? ಕಾರ್ಪೊರೇಷನ್ ಸರ್ಕಲ್ ಹತ್ತಿರ, ಬೆಳಗಿನ ಹೊತ್ತಲ್ಲೇ, ದುಡ್ಡು ತೆಗೆಯಲು ಹೋದ ಮಹಿಳೆಯ ಹಿಂದೆಯೇ ಒಬ್ಬ ನುಗ್ಗಿ ಶಟರ್ ಎಳೆದು ಮಚ್ಚಿನಿಂದ ಹೊಡೆದ. ಗಾರ್ಡ್ ಇರಲಿಲ್ಲ. ಆಮೇಲೆ ಪೊಲೀಸರು ಗಡುವು ಕೊಟ್ಟರು. ಗಾರ್ಡ್ ಇಲ್ಲದ ಎಷ್ಟೋ ಎಟಿಎಂ ಊರ ತುಂಬಾ ಬಾಗಿಲು ಹಾಕಿದವು. ಆಗ ಬ್ಯಾಂಕುಗಳಿಗೆ ಬಿಸಿ ಮುಟ್ಟಿತ್ತು. ಈಗ ಮತ್ತೆ ಅದೇ ಕಥೆ.

ಹನುಮಂತನಗರ ಹೇಮಾ

ಚಂದ್ರು ಅವರೇ, ಅದೇ ಘಟನೆಯನ್ನು ಇನ್ನೊಂದು ಕಡೆಯಿಂದ ನೋಡಿ. ಅಲ್ಲಿ ಕ್ಯಾಮೆರಾ ಇತ್ತು. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆತ ಒಳಗೆ ಬಂದದ್ದು, ಶಟರ್ ಎಳೆದದ್ದು, ಹೊಡೆದದ್ದು, ಎಲ್ಲಾ ರೆಕಾರ್ಡ್ ಆಯ್ತು. ಆ ದೃಶ್ಯವನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಆದರೆ ನಡೆಯುತ್ತಿರುವಾಗ ಒಬ್ಬರೂ ನೋಡುತ್ತಿರಲಿಲ್ಲ. ಶಟರ್ ಆಚೆ ಜನ ಓಡಾಡುತ್ತಿದ್ದರೂ ಬಹಳ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ದಾಳಿ ಮಾಡಿದವನು ಸಿಕ್ಕಿದ್ದು 2017ರಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ.

ಹಾಗಾಗಿ ನನ್ನ ಪ್ರಕಾರ ಅರ್ಜಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಕ್ಯಾಮೆರಾ ಇದೆಯಾ’ ಅಂತಲ್ಲ. ‘ಈ ಕ್ಯಾಮೆರಾವನ್ನು ಈಗ ಯಾರು ನೋಡುತ್ತಿದ್ದಾರೆ’ ಅಂತ. ಕೆಲವು ಬ್ಯಾಂಕುಗಳಲ್ಲಿ ದೂರದ ಕಂಟ್ರೋಲ್ ರೂಮಿನಿಂದ ನೋಡುವ ವ್ಯವಸ್ಥೆ ಇದೆ. ಸ್ಪೀಕರ್‌ನಲ್ಲಿ ಮಾತಾಡುತ್ತಾರೆ, ಸೈರನ್ ಹಾಕುತ್ತಾರೆ. ನಿಮ್ಮ ಎಟಿಎಂಗೆ ಅದು ಇದೆಯೋ, ಬರೀ ರೆಕಾರ್ಡಿಂಗ್ ಡಬ್ಬಿಯೋ? ಬರಹದಲ್ಲಿ ಉತ್ತರ ಕೇಳಿ. ಜೇಡರ ಬಲೆ ಇದೆ ಅಂದರೆ ಉತ್ತರ ಗೊತ್ತೇ ಇದೆ ಬಿಡಿ.

ಶಟರ್ ವಿಷಯವನ್ನೂ ಸೇರಿಸಿ. ಒಳಗಿನಿಂದ ಯಾರೋ ಎಳೆದು ಮುಚ್ಚುವ ಹಾಗೆ ಇರಲೇಬಾರದು. ಗಾಜಿನ ಬಾಗಿಲಿಗೆ ಮೇಲಿಂದ ಕೆಳಗಿನವರೆಗೂ ಜಾಹೀರಾತು ಅಂಟಿಸುತ್ತಾರಲ್ಲ, ಅದನ್ನು ಕಿತ್ತು ಹಾಕಿಸಿ. ರಸ್ತೆಯಿಂದ ಒಳಗೆ ಕಾಣಬೇಕು. ಇದಕ್ಕೆ ಬ್ಯಾಂಕಿಗೆ ಒಂದು ಪೈಸೆ ಖರ್ಚಿಲ್ಲ.

ಕ್ಯಾಸೆಟ್ ಕೆಲಸಗಾರ

ನಾನು ಎಟಿಎಂಗೆ ನೋಟು ತುಂಬುವ ಕೆಲಸ ಮಾಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಭದ್ರತೆ ಅಂತ ಆದದ್ದರಲ್ಲಿ ಹೆಚ್ಚಿನ ಪಾಲು ಪೆಟ್ಟಿಗೆಗೆ ಆದದ್ದು. ದುಡ್ಡು ತೆಗೆಯಲು ಬಂದವರಿಗೆ ಅಲ್ಲ.

2019ರಲ್ಲಿ ಆರ್‌ಬಿಐ ಹೇಳಿತು, ಮಿಷನ್ನನ್ನು ಗೋಡೆಗೋ ನೆಲಕ್ಕೋ ಕಾಂಕ್ರೀಟಿನಲ್ಲಿ ಬಿಗಿಯಿರಿ ಅಂತ. ಏಕೆಂದರೆ ಕಳ್ಳರು ಮಿಷನ್ನನ್ನೇ ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದರು. ಅದೇ ಸುತ್ತೋಲೆಯಲ್ಲಿ ಒಂದು ಸಲದ ಕೋಡಿನ ಬೀಗ ಬಂತು. ನಾವು ಮಿಷನ್ ಮುಂದೆ ನಿಂತಾಗ ಕೋಡು ಬರುತ್ತದೆ. ತೆಗೆದು ಮುಚ್ಚಿದ ಮೇಲೆ ಆ ಕೋಡು ಸತ್ತಂತೆ. ನಾಳೆ ಅದೇ ಕೋಡು ಹಾಕಿದರೆ ಬೀಗ ತೆಗೆಯುವುದಿಲ್ಲ. ಅದಕ್ಕೂ ಮುಂಚೆ 2018ರಲ್ಲಿ ಗೃಹ ಸಚಿವಾಲಯದ ನಿಯಮ: ನಗರಗಳಲ್ಲಿ ರಾತ್ರಿ 9ರ ಮೇಲೆ ನೋಟು ತುಂಬುವಂತಿಲ್ಲ, ವ್ಯಾನಿನಲ್ಲಿ ಇಬ್ಬರು ಬಂದೂಕಿನ ಗಾರ್ಡುಗಳು ಇರಬೇಕು, ಒಂದು ವ್ಯಾನಿನಲ್ಲಿ 5 ಕೋಟಿಗಿಂತ ಜಾಸ್ತಿ ಇರಬಾರದು.

ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. ಆದರೂ 2025ರ ಜನವರಿಯಲ್ಲಿ ಬೀದರ್‌ನಲ್ಲಿ ಹಾಡಹಗಲೇ ನಮ್ಮಂಥವರ ಮೇಲೆ ಗುಂಡು ಹಾರಿಸಿ ಪೆಟ್ಟಿಗೆ ಹೊತ್ತುಕೊಂಡು ಹೋದರು. ಅದೇ ವರ್ಷ ನವೆಂಬರ್ 19ಕ್ಕೆ ನಮ್ಮ ಜಯನಗರದ ಅಶೋಕ ಪಿಲ್ಲರ್ ಹತ್ತಿರ ಆರ್‌ಬಿಐನವರು ಅಂತ ಹೇಳಿಕೊಂಡು ಬಂದು ವ್ಯಾನ್ ನಿಲ್ಲಿಸಿ 7.11 ಕೋಟಿ ತೆಗೆದುಕೊಂಡು ಹೋದರು. ಸಿಕ್ಕಿಬಿದ್ದವರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ಲೂ ಇದ್ದ. ಗಾರ್ಡ್ ಗಾರ್ಡ್ ಅನ್ನುವವರು ಇದನ್ನೂ ನೆನಪಿಡಿ. ನಿಮ್ಮ ಗಲ್ಲಿಯ ಎಟಿಎಂ ಗಾರ್ಡ್ ಕೈಯಲ್ಲಿ ಇರುವುದು ಒಂದು ಲಾಠಿ, ಕೂರಲು ಪ್ಲಾಸ್ಟಿಕ್ ಕುರ್ಚಿ. ಹನ್ನೆರಡು ಗಂಟೆ ಶಿಫ್ಟಿನಲ್ಲಿ ಮೂತ್ರಕ್ಕೆ ಹೋಗಲೂ ಪಕ್ಕದ ಬೇಕರಿಯವರನ್ನು ಕೇಳಬೇಕು.

ಚಿಕ್ಕಪೇಟೆ ಚಂದ್ರು

ಒಪ್ಪಿದೆ. ಆದರೂ ಮನುಷ್ಯ ಒಬ್ಬ ಬಾಗಿಲಲ್ಲಿದ್ದರೆ ಪುಂಡರು ಒಳಗೆ ನುಗ್ಗುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ನಮ್ಮಮ್ಮ ಗಾರ್ಡ್ ಇಲ್ಲದ ಎಟಿಎಂ ಒಳಗೆ ಕಾಲೇ ಇಡುವುದಿಲ್ಲ.

ವಿಜಯನಗರ ವೀಣಾ

ಮಚ್ಚು ಹಿಡಿದು ಬರುವವರಿಗಿಂತ ಸುಮ್ನೆ ಅಂಟು ಹಿಡಿದು ಬರುವವರು ಜಾಸ್ತಿ ಈಗ. ನನ್ನ ಕಣ್ಣಾರೆ ಕಂಡದ್ದು ಹೇಳುತ್ತೇನೆ.

ನಾನು ಪಿನ್ ಹಾಕಿದೆ, ಒಳಗೆ ನೋಟು ಎಣಿಸುವ ಸದ್ದು ಬಂತು, ನೋಟು ಬರಲಿಲ್ಲ. ಖಾತೆಯಿಂದ ಹೋಗಿದೆ ಅಂತ ಮೆಸೇಜ್ ಬಂತು. ಸಾಮಾನ್ಯವಾಗಿ ಏನು ಮಾಡುತ್ತೇವೆ? ಬೈದುಕೊಂಡು ಹೊರಗೆ ಬರುತ್ತೇವೆ. ನನಗೆ ಆ ಸದ್ದಿನ ಮೇಲೆ ಅನುಮಾನ ಬಂತು. ನೋಟು ಬರುವ ಸಂದಿಯಲ್ಲಿ ಬೆರಳಿಟ್ಟು ನೋಡಿದೆ. ಅದರ ಬಾಯಿಗೆ ಅದೇ ಬಣ್ಣದ ತೆಳ್ಳನೆಯ ಪಟ್ಟಿ ಅಂಟಿಸಿದ್ದರು. ಉಗುರಿನಿಂದ ಎಬ್ಬಿಸಿದರೆ ಹಿಂಬದಿಯಲ್ಲಿ ಎರಡು ಕಡೆ ಅಂಟುವ ಟೇಪು, ಟೇಪಿಗೆ ನನ್ನ ಐನೂರರ ನೋಟುಗಳು ಅಂಟಿಕೊಂಡಿದ್ದವು. ನಾನು ಆ ಕಡೆ ಹೋಗಿದ್ದರೆ ರಸ್ತೆ ಆಚೆ ನಿಂತವರು ಬಂದು ಕಿತ್ತುಕೊಳ್ಳುತ್ತಿದ್ದರು. ಇದಕ್ಕೆ ಪಿನ್ ಬೇಡ, ಕಾರ್ಡ್ ಬೇಡ, ಹ್ಯಾಕಿಂಗ್ ಬೇಡ.

ಇನ್ನೊಂದು ಬಗೆ, ಕಾರ್ಡ್ ಹಾಕುವ ಸಂದಿಯಲ್ಲೇ ಏನೋ ತುರುಕಿರುತ್ತಾರೆ. ಕಾರ್ಡ್ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಗೋಡೆ ಮೇಲೆ ‘ಕಸ್ಟಮರ್ ಕೇರ್’ ಅಂತ ಒಂದು ಮೊಬೈಲ್ ನಂಬರ್ ಇರುತ್ತದೆ. ಕರೆ ಮಾಡಿದರೆ ಕನ್ನಡದಲ್ಲೇ ನಯವಾಗಿ ಮಾತಾಡಿ ಪಿನ್ ಹಾಕಿಸುತ್ತಾರೆ, ಆಮೇಲೆ ‘ನಾಳೆ ಬ್ರಾಂಚಿಗೆ ಬನ್ನಿ’ ಅನ್ನುತ್ತಾರೆ. ನೀವು ಮನೆ ಮುಟ್ಟುವ ಮುಂಚೆ ಕಾರ್ಡ್ ಅವರ ಕೈಯಲ್ಲಿ. ಬ್ಯಾಂಕಿನ ನಿಜವಾದ ನಂಬರ್ ಕಾರ್ಡಿನ ಹಿಂದೆ ಇರುತ್ತದೆ, ಕಾರ್ಡೇ ಒಳಗಿದ್ದರೆ ಏನು ನೋಡುತ್ತೀರಿ? ಅದಕ್ಕೆ ಆ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಸೋಮು, ಅರ್ಜಿಯಲ್ಲಿ ಬರೆಯಿರಿ: ಬ್ಯಾಂಕಿನ ನಂಬರನ್ನು ಮಿಷನ್ ಮೇಲೆ ಕಿತ್ತು ಹಾಕಲು ಆಗದ ಹಾಗೆ ಕೊರೆಸಿ ಹಾಕಿ, ಉಳಿದ ಸ್ಟಿಕ್ಕರ್ ಎಲ್ಲಾ ವಾರಕ್ಕೊಮ್ಮೆ ಕೀಳಿಸಿ.

ಆರ್.ಟಿ. ನಗರ ರಫೀಕ್

ಚಿಪ್ ಕಾರ್ಡ್ ಬಂದ ಮೇಲೆ ಸ್ಕಿಮ್ಮಿಂಗ್, ಅಂದರೆ ಕಾರ್ಡಿನ ಮಾಹಿತಿ ಕದ್ದು ನಕಲಿ ಕಾರ್ಡ್ ಮಾಡುವುದು, ನಿಂತಿದೆ ಅಲ್ವಾ? ನಮ್ಮ ಆಫೀಸಿನಲ್ಲಿ ಇನ್ನೂ ಹೆದರುತ್ತಾರೆ.

ಸರ್ಕ್ಯೂಟ್ ಸುಬ್ಬು

ಕಡಿಮೆ ಆಗಿದೆ, ನಿಂತಿಲ್ಲ. 2018ರ ಡಿಸೆಂಬರ್ 31ರ ಒಳಗೆ ಬರೀ ಕಪ್ಪು ಪಟ್ಟಿಯ ಕಾರ್ಡುಗಳನ್ನೆಲ್ಲ ಚಿಪ್ ಕಾರ್ಡಿಗೆ ಬದಲಾಯಿಸಬೇಕು ಅಂತ ಆರ್‌ಬಿಐ ಗಡುವು ಕೊಟ್ಟಿತ್ತು. ಚಿಪ್ ಪ್ರತಿ ಸಲವೂ ಹೊಸ ಲೆಕ್ಕ ಕೊಡುತ್ತದೆ, ನಕಲು ಮಾಡುವುದು ಬಹಳ ಕಷ್ಟ. ಆದರೆ ನಿಮ್ಮ ಕಾರ್ಡನ್ನು ತಿರುಗಿಸಿ ನೋಡಿ, ಬಹುಪಾಲು ಕಾರ್ಡುಗಳ ಹಿಂದೆ ಕಪ್ಪು ಪಟ್ಟಿ ಇನ್ನೂ ಇದೆ. ಅದರ ಮಾಹಿತಿ ಕದ್ದು ನಕಲಿ ಕಾರ್ಡ್ ಮಾಡಿದರೆ ಇಲ್ಲಿ ನಡೆಯದಿರಬಹುದು, ಪಟ್ಟಿಯನ್ನು ಇನ್ನೂ ಒಪ್ಪುವ ಹೊರದೇಶದ ಮಿಷನ್‌ನಲ್ಲಿ ನಡೆಯಬಹುದು.

ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ. 2020ರ ಜನವರಿಯಲ್ಲಿ ಆರ್‌ಬಿಐ ಒಂದು ಒಳ್ಳೆಯ ಕೆಲಸ ಮಾಡಿತು. ಹೊಸ ಕಾರ್ಡ್ ಕೊಟ್ಟಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಿಷನ್ ಮಾತ್ರ ಚಾಲೂ ಇರಬೇಕು. ವಿದೇಶ, ಆನ್‌ಲೈನ್, ತಾಗಿಸಿ ಪಾವತಿ ಎಲ್ಲಾ ನೀವೇ ಕೇಳಿ ತೆರೆಸಿಕೊಳ್ಳಬೇಕು. ಆನ್, ಆಫ್ ಮಾಡುವ ಸ್ವಿಚ್ಚು, ಮೊತ್ತದ ಮಿತಿ, ಎರಡೂ ಗ್ರಾಹಕನ ಕೈಗೆ ಬಂತು. ನಾನು ಕಂಡ ಅತ್ಯುತ್ತಮ ಭದ್ರತೆ ಇದೇ. ಬಹಳ ಜನ ಬ್ಯಾಂಕಿನ ಆ್ಯಪ್‌ನಲ್ಲಿ ಆ ಪುಟವನ್ನು ತೆರೆದೇ ಇಲ್ಲ.

ಇನ್ನು 2016ರಲ್ಲಿ ಒಂದೇ ಏಟಿಗೆ 32 ಲಕ್ಷ ಕಾರ್ಡುಗಳ ಮಾಹಿತಿ ಸೋರಿತಲ್ಲ, ಅದು ಬಾಗಿಲಲ್ಲಿ ಆದದ್ದಲ್ಲ, ಹಿಂದಿನ ಕಂಪ್ಯೂಟರ್ ವ್ಯವಸ್ಥೆಗೆ ಹೊಕ್ಕ ವೈರಸ್ಸಿನಿಂದ. ಅದಕ್ಕೆ ನೂರು ಗಾರ್ಡ್ ಇದ್ದರೂ ಪ್ರಯೋಜನವಿಲ್ಲ.

ಮೆಜೆಸ್ಟಿಕ್ ಮಂಜ

ಪಿನ್ ನಂಬರನ್ನು ಉಲ್ಟಾ ಹಾಕಿದರೆ ದುಡ್ಡೂ ಬರುತ್ತೆ, ಪೊಲೀಸರೂ ಬರ್ತಾರಂತೆ. ವಾಟ್ಸಾಪ್‌ನಲ್ಲಿ ಬಂದಿತ್ತು.

ಸರ್ಕ್ಯೂಟ್ ಸುಬ್ಬು

ನಿಮ್ಮ ಪಿನ್ 2552 ಆಗಿದ್ದರೆ ಪೊಲೀಸರು ನಿಮ್ಮ ಮನೆಯಲ್ಲೇ ವಾಸ ಮಾಡಬೇಕಾಗುತ್ತದೆ. ಅಂಥದ್ದು ಯಾವುದೂ ಇಲ್ಲ. ಕ್ಯಾನ್ಸಲ್ ಬಟನ್ ಎರಡು ಸಲ ಒತ್ತಿದರೆ ಪಿನ್ ಕಳುವಾಗಲ್ಲ ಅನ್ನುವುದೂ ಇದೇ ಜಾತಿಯದು. ತುರ್ತಿಗೆ 112, ಅಷ್ಟೇ.

ರಿಟೈರ್ಡ್ ಕ್ಯಾಶಿಯರ್, ಬಸವನಗುಡಿ

ಕೌಂಟರಿನ ಆ ಕಡೆ ಕೂತಿದ್ದವನು ನಾನು. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ವೀಣಾ ಅವರಿಗೆ ನೋಟು ಸಿಕ್ಕಿತು. ಸಿಗದಿದ್ದವರು ಏನು ಮಾಡಬೇಕು? ಮೊದಲನೆಯದಾಗಿ, ದೂರು ಕೊಡಬೇಕಾದದ್ದು ನಿಮ್ಮ ಖಾತೆ ಇರುವ ಬ್ಯಾಂಕಿಗೆ. ಎಟಿಎಂ ಯಾರದೇ ಆಗಿರಲಿ. ‘ಅವರ ಮಿಷನ್ನು, ಅವರನ್ನೇ ಕೇಳಿ’ ಅಂತ ಕೌಂಟರಿನಲ್ಲಿ ಹೇಳಿದರೆ ಅಲ್ಲಿಂದ ಏಳಬೇಡಿ. ದೂರು ಬರೆದುಕೊಂಡು ನಂಬರ್ ಕೊಡಿ ಅನ್ನಿ. ಆರ್‌ಬಿಐನ 2019ರ ಸೆಪ್ಟೆಂಬರ್ ಸುತ್ತೋಲೆ ಪ್ರಕಾರ, ಖಾತೆಯಿಂದ ಕಳೆದು ನೋಟು ಬರದಿದ್ದರೆ ವ್ಯವಹಾರದ ಮಾರನೇ ದಿನದಿಂದ ಎಣಿಸಿ 5 ದಿನದ ಒಳಗೆ ಬ್ಯಾಂಕು ತಾನಾಗಿ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನು ನೀವು ಕೇಳದಿದ್ದರೂ ಕೊಡಬೇಕು.

ಆದರೆ ಟೇಪಿನ ಪ್ರಕರಣದಲ್ಲಿ ಒಂದು ತೊಡಕಿದೆ. ಮಿಷನ್ ಒಳಗೆ ಒಂದು ದಿನಚರಿ ಇರುತ್ತದೆ, ಜರ್ನಲ್ ಅಂತ ಕರೆಯುತ್ತೇವೆ. ಎಷ್ಟು ನೋಟು ಎಣಿಸಿತು, ಹೊರಗೆ ತಳ್ಳಿತೋ ಇಲ್ಲವೋ ಎಲ್ಲಾ ಅದರಲ್ಲಿ ಬೀಳುತ್ತದೆ. ಟೇಪು ಅಂಟಿಸಿದ್ದರೆ ಮಿಷನ್ ‘ನಾನು ಕೊಟ್ಟೆ’ ಅಂತ ಬರೆದಿರಬಹುದು. ಆಗ ನಿಮ್ಮ ಪರ ಸಾಕ್ಷಿ ಹೇಳುವುದು ಕ್ಯಾಮೆರಾ ಒಂದೇ. ಹಾಗಾಗಿ ದೂರಿನಲ್ಲೇ ಆ ಹೊತ್ತಿನ ದೃಶ್ಯವನ್ನು ತೆಗೆದಿಡಿ ಅಂತ ಬರೆಯಬೇಕು. ತಡ ಮಾಡಿದರೆ ಹಳೆಯ ರೆಕಾರ್ಡಿಂಗ್ ಅಳಿಸಿಹೋಗಿರುತ್ತದೆ. ಚೀಟಿ ಬಂದಿದ್ದರೆ ಇಟ್ಟುಕೊಳ್ಳಿ, ಬರದಿದ್ದರೆ ಮಿಷನ್ ಮೇಲಿರುವ ಎಟಿಎಂ ಸಂಖ್ಯೆಯ ಫೋಟೋ ತೆಗೆಯಿರಿ.

ಇನ್ನು ನಿಮ್ಮ ಖಾತೆಯಿಂದ ಬೇರೆ ಯಾರೋ ತೆಗೆದಿದ್ದರೆ ಅದು ಬೇರೆ ಲೆಕ್ಕ. ಆರ್‌ಬಿಐನ 2017ರ ಜುಲೈ ಸುತ್ತೋಲೆ ನೋಡಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಅಂತಾದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳ ಒಳಗೆ ತಿಳಿಸಿದರೆ ನಿಮಗೆ ನಷ್ಟ ಸೊನ್ನೆ. 4ರಿಂದ 7 ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ ನಿಮ್ಮ ತಲೆಗೆ. ಪಿನ್ ಅನ್ನು ನೀವೇ ಯಾರಿಗಾದರೂ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದು. ತಿಳಿಸಿದ ಮೇಲಿನದು ಬ್ಯಾಂಕಿನದು.

ವಿಜಯನಗರ ವೀಣಾ

‘ಪಿನ್ ಹಾಕಿಯೇ ತೆಗೆದಿದ್ದಾರೆ, ಅಂದಮೇಲೆ ನೀವೇ ಕೊಟ್ಟಿರ್ತೀರಿ’ ಅನ್ನುತ್ತಾರಲ್ಲ ಸಾರ್? ನಮ್ಮ ಚಿಕ್ಕಪ್ಪನಿಗೆ ಅದೇ ಉತ್ತರ.

ರಿಟೈರ್ಡ್ ಕ್ಯಾಶಿಯರ್, ಬಸವನಗುಡಿ

ಅನ್ನುತ್ತಾರೆ. ಆದರೆ ಗ್ರಾಹಕನದೇ ತಪ್ಪು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಅಂತ ಅದೇ ಸುತ್ತೋಲೆ ಸ್ಪಷ್ಟವಾಗಿ ಹೇಳಿದೆ. ಆ ವಾಕ್ಯವನ್ನು ದೂರಿನಲ್ಲಿ ಬರೆಯಿರಿ, ಕೌಂಟರಿನ ಧಾಟಿ ಬದಲಾಗುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್ ಹತ್ತಿರ ಹೋಗಿ, ಶುಲ್ಕ ಇಲ್ಲ, 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಮೋಸ ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮೊದಲು ಕರೆ ಮಾಡಿ.

ಜೆಪಿ ನಗರ ಜಾಹ್ನವಿ

ಎಸ್‌ಬಿಐನಲ್ಲಿ 10,000 ಅಥವಾ ಅದಕ್ಕಿಂತ ಜಾಸ್ತಿ ತೆಗೆಯಲು ಒಟಿಪಿ ಕೇಳುತ್ತದೆ. 2020ರಲ್ಲಿ ರಾತ್ರಿ ಹೊತ್ತಿಗೆ ಮಾತ್ರ ಶುರು ಮಾಡಿ, ಅದೇ ವರ್ಷ ಇಡೀ ದಿನಕ್ಕೆ ವಿಸ್ತರಿಸಿದರು. ಎಲ್ಲಾ ಬ್ಯಾಂಕಿಗೂ ಅದನ್ನೇ ಮಾಡಿದರೆ ಆಯ್ತಲ್ಲ?

ಸರ್ಕ್ಯೂಟ್ ಸುಬ್ಬು

ಒಳ್ಳೆಯದೇ, ಆದರೆ ಅರ್ಧ ಮದ್ದು. ಎಸ್‌ಬಿಐ ಕಾರ್ಡನ್ನು ಬೇರೆ ಬ್ಯಾಂಕಿನ ಮಿಷನ್‌ಗೆ ಹಾಕಿದರೆ ಆ ಒಟಿಪಿ ಕೇಳುವ ವ್ಯವಸ್ಥೆ ಇರಲಿಲ್ಲ. ಕಳ್ಳ 9,500ರಂತೆ ಹಲವು ಸಲ ತೆಗೆಯಬಹುದು. ಅದಕ್ಕಿಂತ ದಿನದ ಮಿತಿಯನ್ನೇ ಇಳಿಸಿಟ್ಟರೆ ಯಾವ ಮಿಷನ್‌ಗೆ ಹೋದರೂ ಕೆಲಸ ಮಾಡುತ್ತದೆ. ನಮ್ಮ ತಂದೆಯ ಕಾರ್ಡಿಗೆ 5,000 ಇಟ್ಟಿದ್ದೇನೆ.

ಆರ್.ಟಿ. ನಗರ ರಫೀಕ್

ಮಿತಿ ಇಳಿಸಿದರೆ ಪದೇ ಪದೇ ಹೋಗಬೇಕು. ಬೆಂಗಳೂರಿನಲ್ಲಿ ಸ್ವಂತ ಬ್ಯಾಂಕಲ್ಲಿ 5, ಬೇರೆ ಬ್ಯಾಂಕಲ್ಲಿ 3 ಸಲ ಮಾತ್ರ ಉಚಿತ. ಅದರ ಮೇಲೆ 2025ರ ಮೇನಿಂದ 23 ರೂಪಾಯಿವರೆಗೂ ಹಾಕುತ್ತಾರೆ, ತೆರಿಗೆ ಬೇರೆ.

ಸರ್ಕ್ಯೂಟ್ ಸುಬ್ಬು

ಜಾಸ್ತಿ ಬೇಕಾದ ದಿನ ಆ್ಯಪ್‌ನಲ್ಲಿ ಏರಿಸಿ, ತೆಗೆದ ಮೇಲೆ ಇಳಿಸಿ.

ಹನುಮಂತನಗರ ಹೇಮಾ

ಸಮಸ್ಯೆ ಇರುವುದೇ ಅಲ್ಲಿ. ಸೋಮು ಹೇಳಿದ ಸಾಲಿನಲ್ಲಿ ನಿಲ್ಲುವ ಹಿರಿಯರಲ್ಲಿ ಎಷ್ಟು ಜನರ ಹತ್ತಿರ ಆ್ಯಪ್ ಇದೆ? ಬಟನ್ ಫೋನ್ ಇಟ್ಟುಕೊಂಡವರಿಗೆ ಈ ಸ್ವಿಚ್ಚು ಇದ್ದೂ ಇಲ್ಲ. ಅರ್ಜಿಯಲ್ಲಿ ಗಾರ್ಡಿಗಿಂತ ಮೊದಲು ಇದನ್ನು ಬರೆಯಿರಿ: ಬ್ಯಾಂಕಿನವರು ತಿಂಗಳ ಮೊದಲ ವಾರ ಒಂದು ಟೇಬಲ್ ಹಾಕಿ, ಒಂದು ಹಾಳೆಯ ಕನ್ನಡ ಫಾರಂ ಇಟ್ಟು, ಅಲ್ಲೇ ಮಿತಿ ಇಳಿಸಿಕೊಡಲಿ, ವಿದೇಶಿ ಬಳಕೆ ಮುಚ್ಚಿಕೊಡಲಿ, ಮೆಸೇಜ್ ಸರಿಯಾದ ನಂಬರಿಗೆ ಹೋಗುತ್ತಿದೆಯಾ ಅಂತ ನೋಡಲಿ. ಎಷ್ಟೋ ಖಾತೆಗಳಲ್ಲಿ ಇರುವುದು ಮಗನ ಹಳೆಯ ನಂಬರ್. ಆ ಮಗ ಅಮೆರಿಕದಲ್ಲಿ, ನಂಬರ್ ಇನ್ಯಾರದೋ ಕೈಯಲ್ಲಿ. ಮೂರು ದಿನದ ಲೆಕ್ಕ ಮೆಸೇಜ್ ಬಂದಾಗಿನಿಂದ ಅಂದಮೇಲೆ, ಮೆಸೇಜೇ ತಲುಪದಿದ್ದರೆ?

ಗಿರಿನಗರ ಸೋಮು

ಇದು ಚೆನ್ನಾಗಿದೆ. ಗಾರ್ಡ್ ಕೇಳಿದರೆ ಹೆಡ್ ಆಫೀಸ್ ಅಂತ ಕೈ ತೋರಿಸುತ್ತಾರೆ. ಫಾರಂ ಅಂದರೆ ಬ್ರಾಂಚ್ ಮ್ಯಾನೇಜರೇ ಮಾಡಬಹುದು.

ಯಲಹಂಕ ಯೋಗೀಶ

ಇಷ್ಟೆಲ್ಲಾ ಯಾಕೆ, ಎಲ್ಲರೂ ಯುಪಿಐ ಮಾಡಿ. ಬೆಂಗಳೂರಲ್ಲಿ ಎಳನೀರಿಗೂ ಸ್ಕ್ಯಾನ್ ಇದೆ.

ಚಿಕ್ಕಪೇಟೆ ಚಂದ್ರು

2025ರ ಜುಲೈನಲ್ಲಿ ಎಲ್ಲಿದ್ರಿ? ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೇಕರಿ, ಕಾಂಡಿಮೆಂಟ್ಸ್ ಮುಂದೆಲ್ಲಾ ‘ನಗದು ಮಾತ್ರ’ ಬೋರ್ಡ್ ನೇತಾಡಿತ್ತು. ಆ ವಾರ ಎಟಿಎಂ ಬೇಕೇ ಬೇಕಾಯ್ತು. ನಗದು ಎಲ್ಲೂ ಹೋಗಲ್ಲ.

ಸರ್ಕ್ಯೂಟ್ ಸುಬ್ಬು

ಯೋಗೀಶ್ ಮಾತಲ್ಲಿ ಸ್ವಲ್ಪ ಹುರುಳಿದೆ, ಬೇರೆ ರೀತಿಯಲ್ಲಿ. ಕಾರ್ಡ್ ಇಲ್ಲದೆ ಯುಪಿಐನಿಂದ ನೋಟು ತೆಗೆಯಬಹುದು. 2022ರಲ್ಲಿ ಆರ್‌ಬಿಐ ಎಲ್ಲಾ ಬ್ಯಾಂಕಿಗೂ ಅದಕ್ಕೆ ದಾರಿ ಮಾಡಿತು. ಪರದೆ ಮೇಲೆ ಕ್ಯೂಆರ್ ಬರುತ್ತದೆ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಪಿನ್ ಅಲ್ಲೇ ಹಾಕುತ್ತೀರಿ. ಕಾರ್ಡ್ ಸಿಕ್ಕಿಹಾಕಿಕೊಳ್ಳುವ ಮಾತೇ ಇಲ್ಲ. ಒಂದು ಎಚ್ಚರ: ಕ್ಯೂಆರ್ ಪರದೆಯಲ್ಲೇ ಬರಬೇಕು. ಮಿಷನ್ ಮೇಲೆ ಅಂಟಿಸಿದ ಕ್ಯೂಆರ್ ಕಂಡರೆ ಅದು ಯಾರದೋ ಜೇಬಿಗೆ.

ದೇವನಹಳ್ಳಿ ದಿವ್ಯಾ

ಯಾರೂ ಬೆರಳಚ್ಚಿನ ಬಗ್ಗೆ ಮಾತಾಡಿಲ್ಲ. ಆಧಾರ್ ಮೇಲೆ ಬೆರಳಿಟ್ಟು ದುಡ್ಡು ತೆಗೆಯುವ ವ್ಯವಸ್ಥೆ ಇದೆ, ಹಳ್ಳಿ ಕಡೆ ಬ್ಯಾಂಕ್ ಮಿತ್ರರು, ಅಂದರೆ ಬ್ಯಾಂಕಿನ ಏಜೆಂಟರು, ಕೈಮಿಷನ್ ಇಟ್ಟುಕೊಂಡಿರುತ್ತಾರೆ. ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿಯೂ ಬೇಡ. ಒಂದು ಸಲಕ್ಕೆ 10,000ವರೆಗೂ ತೆಗೆಯಬಹುದು.

2023ರಲ್ಲಿ ನಮ್ಮ ಊರಲ್ಲೇ ಏನಾಯ್ತು ನೆನಪಿದೆಯಾ? ಸೈಟ್, ಫ್ಲಾಟ್ ರಿಜಿಸ್ಟರ್ ಮಾಡಿಸಿದವರ ಖಾತೆಯಿಂದ ದುಡ್ಡು ಹೋಗತೊಡಗಿತು. ಆಸ್ತಿ ನೋಂದಣಿಯ ಸರ್ಕಾರಿ ವೆಬ್‌ಸೈಟ್ ಕಾವೇರಿ ಪೋರ್ಟಲ್‌ನಲ್ಲಿದ್ದ ಕ್ರಯಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಅದನ್ನೇ ಇಳಿಸಿಕೊಂಡು ನಕಲಿ ಬೆರಳಚ್ಚು ಮಾಡಿದ್ದರು. ಮನೆ ಕೊಂಡ ಖುಷಿಯಲ್ಲಿದ್ದವರಿಗೆ ಬೆಳಿಗ್ಗೆ ಎದ್ದರೆ ಹತ್ತು ಸಾವಿರ ಹೋದ ಮೆಸೇಜ್. ಮಾರಿದವರ ಖಾತೆಯೂ ಬಿಡಲಿಲ್ಲ. ಪಿನ್ ಆದರೆ ಬದಲಾಯಿಸಬಹುದು, ಹೆಬ್ಬೆಟ್ಟು ಬದಲಾಯಿಸಲು ಆಗುತ್ತಾ? ಆಗ ಪೊಲೀಸರು ಕೊಟ್ಟ ಸಲಹೆ ಇವತ್ತಿಗೂ ಸರಿ: ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ಆಧಾರ್ ವೆಬ್‌ಸೈಟಿನಲ್ಲಿ ಉಚಿತ. ರೇಷನ್ ಅಂಗಡಿಯಲ್ಲಿ ಬೆರಳಿಡುವವರು ಹೋಗುವ ಮುಂಚೆ ತೆರೆದು, ಆಮೇಲೆ ಮುಚ್ಚಬೇಕು. ಅಷ್ಟು ತೊಂದರೆ ಇದೆ, ಸುಳ್ಳು ಹೇಳಲ್ಲ.

ಮೆಜೆಸ್ಟಿಕ್ ಮಂಜ

ಈಗಲೇ ಲಾಕ್ ಮಾಡಿದೆ. ಹೋದ ವರ್ಷವೇ ಸೈಟ್ ರಿಜಿಸ್ಟರ್ ಮಾಡಿಸಿದ್ದು.

ಗಿರಿನಗರ ಸೋಮು

ಅರ್ಜಿಯ ಕರಡು ಹಾಕುತ್ತಿದ್ದೇನೆ, ತಿದ್ದಿ.

‘ಮಾನ್ಯರೇ, ಮೇಲ್ಕಂಡ ಎಟಿಎಂನಲ್ಲಿ ದೀಪ, ಬಾಗಿಲು ಕೆಟ್ಟಿವೆ, ಸರಿಪಡಿಸಿ. ಗಾಜಿನ ಮೇಲಿನ ಜಾಹೀರಾತು ತೆಗೆಸಿ. ಕ್ಯಾಮೆರಾವನ್ನು ದೂರದಿಂದ ಯಾರಾದರೂ ನೋಡುತ್ತಿದ್ದಾರೆಯೇ, ದೃಶ್ಯವನ್ನು ಎಷ್ಟು ದಿನ ಇಡುತ್ತೀರಿ, ಬರಹದಲ್ಲಿ ತಿಳಿಸಿ. ನೋಟು ಬರುವ ಸಂದಿ, ಕಾರ್ಡ್ ಸಂದಿಯನ್ನು ದಿನವೂ ಯಾರು ಪರೀಕ್ಷಿಸುತ್ತಾರೆ ತಿಳಿಸಿ. ಹಿರಿಯ ಗ್ರಾಹಕರಿಗೆ ಕಾರ್ಡ್ ಮಿತಿ ಮತ್ತು ಮೊಬೈಲ್ ನಂಬರ್ ಸರಿಪಡಿಸಲು ಶಾಖೆಯಲ್ಲಿ ಕನ್ನಡ ಫಾರಂ ಇಡಿ. ಪಿಂಚಣಿಯ ವಾರದಲ್ಲಿ ಹಗಲು ಒಬ್ಬ ಗಾರ್ಡ್ ಇರಲಿ.’

ಚಂದ್ರು, ಕೊನೆಯ ಸಾಲು ನಿಮಗೋಸ್ಕರ.

ಚಿಕ್ಕಪೇಟೆ ಚಂದ್ರು

ಕುರ್ಚಿ, ಫ್ಯಾನು ಕೂಡ ಸೇರಿಸಿ. ಮನುಷ್ಯ ತಾನೇ.

ರಿಟೈರ್ಡ್ ಕ್ಯಾಶಿಯರ್, ಬಸವನಗುಡಿ

ಎಟಿಎಂ ಸಂಖ್ಯೆ ಹಾಕಿ, ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸೀಲ್, ತಾರೀಖು ಹಾಕಿಸಿಕೊಳ್ಳಿ. ಮೊಹರು ಇಲ್ಲದ ಅರ್ಜಿ ಡ್ರಾಯರಿನಲ್ಲೇ ಉಳಿಯುತ್ತದೆ.

ಜೆಪಿ ನಗರ ಜಾಹ್ನವಿ

ಒಂದು ಪ್ರಶ್ನೆ. ನಮ್ಮ ಅಜ್ಜಿಗೆ ನಡೆಯಲು ಆಗುವುದಿಲ್ಲ. ಕಾರ್ಡ್, ಪಿನ್ ಎರಡನ್ನೂ ಮನೆಕೆಲಸದವರಿಗೆ ಕೊಟ್ಟು ಕಳಿಸುತ್ತಾರೆ. ಅವರು ಒಳ್ಳೆಯವರೇ. ಆದರೂ ಬೇರೆ ದಾರಿ ಇದೆಯಾ?

ರಿಟೈರ್ಡ್ ಕ್ಯಾಶಿಯರ್, ಬಸವನಗುಡಿ

ಇದೆ ತಾಯಿ. 70 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಬಾಗಿಲಿಗೆ ನಗದು ತಂದುಕೊಡುವ ಸೇವೆ ಕೊಡಲು ಪ್ರಯತ್ನಿಸಿ ಅಂತ 2017ರಲ್ಲೇ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಮೊದಲೇ ಹೆಸರು ನೋಂದಾಯಿಸಬೇಕು. ಅಜ್ಜಿಯ ಪಾಸ್‌ಬುಕ್ ತೆಗೆದುಕೊಂಡು ಶಾಖೆಗೆ ಹೋಗಿ ‘ಡೋರ್‌ಸ್ಟೆಪ್ ಬ್ಯಾಂಕಿಂಗ್’ ಅಂತ ಕೇಳಿ. ಅದು ಶುರುವಾಗುವವರೆಗೆ ಕಾರ್ಡಿನ ಮಿತಿಯನ್ನು ತಿಂಗಳ ಖರ್ಚಿಗೆ ಬೇಕಾದಷ್ಟಕ್ಕೆ ಇಳಿಸಿ, ಮೆಸೇಜ್ ನಿಮ್ಮ ಫೋನಿಗೆ ಬರುವ ಹಾಗೆ ಮಾಡಿಸಿ.